ಸಂಕೀರ್ಣ ಮಿಶ್ರಣಗಳ ಬೇರ್ಪಡಿಕೆ: ದ್ರವ ಕ್ರೊಮ್ಯಾಟೊಗ್ರಫಿ ವಿಧಾನವನ್ನು ಹೆಜ್ಜೆ ಹೆಜ್ಜೆಯಾಗಿ ಸುಧಾರಿಸುವ ಬಗೆ

ಸಸ್ಯದ ಸಾರವಾಗಲಿ, ಬಿಸಿ ಮತ್ತು ಆಮ್ಲಕ್ಕೆ ಒಡ್ಡಿ ವಿಘಟಿಸಿದ ಔಷಧದ ಮಾದರಿಯಾಗಲಿ, ಹುದುಗು ತೊಟ್ಟಿಯಿಂದ ತೆಗೆದ ದ್ರವವಾಗಲಿ, ಎಚ್‌ಪಿಎಲ್‌ಸಿ ಎಂಬ, ಹೆಚ್ಚಿನ ಒತ್ತಡದಲ್ಲಿ ದ್ರವ ಹರಿಸಿ ಘಟಕಗಳನ್ನು ಬಿಡಿಸುವ ಯಂತ್ರಕ್ಕೆ ಮೊದಲ ಬಾರಿ ಹಾಕಿದಾಗ ಪರದೆಯ ಮೇಲೆ ಮೂಡುವ ಚಿತ್ರ ಹೆಚ್ಚುಕಡಿಮೆ ಒಂದೇ ಬಗೆಯದು. ಆರಂಭದಲ್ಲಿ ಒತ್ತೊತ್ತಾಗಿ ನಿಂತ ಪೀಕುಗಳ (ಹೊರಬಂದ ಘಟಕಗಳಿಗೆ ಮೂಡುವ ಶಿಖರಗಳ) ಗುಂಪು, ನಡುವೆ ಒಂದರ ಹೆಗಲಿಗೆ ಅಂಟಿಕೊಂಡ ಇನ್ನೊಂದು ಪೀಕು, ಕೊನೆಯಲ್ಲಿ ಅಗಲವಾಗಿ ಹರಡಿಕೊಂಡ ಒಂದೆರಡು ದಿಬ್ಬಗಳು. ಇದನ್ನು ಕಂಡ ಕೂಡಲೇ ಹಲವರು ಇನ್ನೂ ಉದ್ದದ ಕಾಲಂ (ಘಟಕಗಳನ್ನು ಬೇರೆ ಬೇರೆ ಹೊತ್ತು ಹಿಡಿದಿಡುವ, ಕಣಗಳು ತುಂಬಿದ ಕೊಳವೆ) ಹುಡುಕುತ್ತಾರೆ, ಇಲ್ಲವೇ ಗ್ರೇಡಿಯಂಟನ್ನು (ಓಟದುದ್ದಕ್ಕೂ ಬಲವಾದ ದ್ರಾವಕದ ಪಾಲು ಏರುತ್ತ ಹೋಗುವ ಕ್ರಮ) ಎರಡು ಪಟ್ಟು ನಿಧಾನಗೊಳಿಸುತ್ತಾರೆ. ಇವೆರಡೂ ತಪ್ಪು ಕ್ರಮಗಳಲ್ಲ, ಆದರೆ ಇವುಗಳ ಸರದಿ ಬರುವುದು ತೀರ ಕೊನೆಯಲ್ಲಿ. ಅದಕ್ಕೆ ಕಾರಣ ಒಂದು ಹಳೆಯ ಸಮೀಕರಣದಲ್ಲಿದೆ. ಅದನ್ನು ಅರ್ಥ ಮಾಡಿಕೊಂಡವರು ವಾರಗಟ್ಟಲೆ ಕೆಲಸವನ್ನು ಉಳಿಸಿಕೊಳ್ಳುತ್ತಾರೆಂಬುದು ನನ್ನ ದೃಢವಾದ ನಂಬಿಕೆ.

ಎರಡು ಪೀಕುಗಳ ನಡುವಿನ ರೆಸಲ್ಯೂಷನ್, ಅಂದರೆ ಅವು ಎಷ್ಟು ಚೆನ್ನಾಗಿ ಬೇರೆಯಾಗಿವೆ ಎಂಬುದರ ಅಳತೆ, ಮೂರು ಅಂಶಗಳ ಗುಣಲಬ್ಧ. ಮೊದಲನೆಯದು ಕಾಲಂನ ದಕ್ಷತೆ, ಅಂದರೆ ಪ್ಲೇಟ್ ಸಂಖ್ಯೆಯ (ಪೀಕು ಎಷ್ಟು ಕಿರಿದಾಗಿ ಬರುತ್ತದೆ ಎಂಬುದರ ಅಳತೆ) ವರ್ಗಮೂಲದ ಕಾಲು ಭಾಗ. ಎರಡನೆಯದು ಸೆಲೆಕ್ಟಿವಿಟಿ, ಅಂದರೆ ಎರಡು ವಸ್ತುಗಳನ್ನು ಕಾಲಂ ಎಷ್ಟು ಭಿನ್ನವಾಗಿ ಹಿಡಿದಿಡುತ್ತದೆ ಎಂಬುದರ ಅಳತೆ. ಈ ಸಂಖ್ಯೆಯಿಂದ 1 ಕಳೆದು, ಬಂದದ್ದನ್ನು ಅದೇ ಸಂಖ್ಯೆಯಿಂದ ಭಾಗಿಸಬೇಕು. ಮೂರನೆಯದು ಧಾರಣಾಂಕ, ಅಂದರೆ ಹಿಡಿತವೇ ಇಲ್ಲದ ವಸ್ತು ಹೊರಬರಲು ತೆಗೆದುಕೊಳ್ಳುವ ಕಾಲಕ್ಕೆ ಹೋಲಿಸಿದರೆ ನಮ್ಮ ವಸ್ತು ಎಷ್ಟು ಪಟ್ಟು ಹೆಚ್ಚು ಹೊತ್ತು ಒಳಗೆ ಉಳಿಯಿತು ಎಂಬುದು. ಇದನ್ನು ಇದಕ್ಕೇ 1 ಕೂಡಿಸಿದ ಮೊತ್ತದಿಂದ ಭಾಗಿಸಬೇಕು. ಈಗ ಲೆಕ್ಕ ಹಾಕಿ ನೋಡಿ. ಪ್ಲೇಟ್ ಸಂಖ್ಯೆ 10,000, ಸೆಲೆಕ್ಟಿವಿಟಿ 1.05, ಧಾರಣಾಂಕ 5 ಇದ್ದರೆ ರೆಸಲ್ಯೂಷನ್ ಸುಮಾರು 1.0 ಬರುತ್ತದೆ. ಕಾಲಂನ ಉದ್ದವನ್ನು ಇಮ್ಮಡಿಸಿ ಪ್ಲೇಟ್ ಸಂಖ್ಯೆಯನ್ನು 20,000ಕ್ಕೆ ಏರಿಸಿದರೆ ಅದು 1.4 ಆಗುತ್ತದೆ; ಅದಕ್ಕಾಗಿ ಇಮ್ಮಡಿ ಸಮಯ, ಇಮ್ಮಡಿ ಒತ್ತಡ ಎರಡನ್ನೂ ತೆರಬೇಕು. ಕಾಲಂ ಮುಟ್ಟದೆ ಸೆಲೆಕ್ಟಿವಿಟಿಯನ್ನು 1.05ರಿಂದ 1.10ಕ್ಕೆ ತಂದರೆ ಅದೇ ರೆಸಲ್ಯೂಷನ್ 1.9ಕ್ಕೆ ಏರುತ್ತದೆ. ಪೀಕುಗಳು ತಳದವರೆಗೂ ಬೇರೆಯಾಗಿ ಕಾಣಲು 1.5 ಸಾಕು, ದಿನನಿತ್ಯದ ಬಳಕೆಗೆ ನೆಚ್ಚಿಕೊಳ್ಳಬೇಕಾದರೆ 2.0 ಇರಬೇಕು. ಹಾಗಾಗಿ ಮುಂದಿನ ಹೆಜ್ಜೆಗಳ ಕ್ರಮ ಹೀಗಿದೆ: ಮೊದಲು ಹಿಡಿತವನ್ನು ಸರಿಯಾದ ವ್ಯಾಪ್ತಿಗೆ ತರುವುದು, ಆಮೇಲೆ ಸೆಲೆಕ್ಟಿವಿಟಿಗಾಗಿ ಶ್ರಮಿಸುವುದು, ಕೊನೆಗೆ ದಕ್ಷತೆಯ ಕಡೆ ತಿರುಗುವುದು.

ಹೆಜ್ಜೆ 1: ಯಂತ್ರ ಮುಟ್ಟುವ ಮೊದಲು ಮಿಶ್ರಣವನ್ನು ಅರಿಯಿರಿ

ಮಿಶ್ರಣದಲ್ಲಿ ಏನೇನಿದೆ ಎಂಬುದು ಪೂರ್ತಿ ಗೊತ್ತಿಲ್ಲದಿದ್ದರೂ ಒಂದಷ್ಟು ಗೊತ್ತಿರುತ್ತದೆ. ಆ ತಿಳಿವಳಿಕೆಯನ್ನು ಕಾಗದದ ಮೇಲೆ ಬರೆಯಿರಿ. ಯಾವುದು ಆಮ್ಲ, ಯಾವುದು ಪ್ರತ್ಯಾಮ್ಲ, ಯಾವುದು ತಟಸ್ಥ. ಪಿಕೆಎ ಬೆಲೆಗಳು, ಅಂದರೆ ವಸ್ತುವಿನ ಅರ್ಧ ಭಾಗ ಅಯಾನಾಗಿರುವ ಪಿಎಚ್, ಎಷ್ಟೆಷ್ಟು. ನೀರಿನಲ್ಲಿ ಕರಗುವುದು ಯಾವುದು, ಎಣ್ಣೆಯಂತಹ ದ್ರಾವಕವನ್ನು ಬಯಸುವುದು ಯಾವುದು. ಒಂದೇ ಅಣುತೂಕದ ಸಮಾಂಗಿಗಳು ಇವೆಯೇ. ನೇರಳಾತೀತ ಬೆಳಕನ್ನು ಹೀರುವ ಗುಂಪು ಎಲ್ಲದರಲ್ಲೂ ಇದೆಯೇ. ಪಿಕೆಎ ಬೆಲೆಗಳ ಈ ಪಟ್ಟಿಯೊಂದೇ ಮುಂದೆ ಅರ್ಧ ನಿರ್ಧಾರಗಳನ್ನು ತಾನೇ ಮಾಡಿಕೊಡುತ್ತದೆ.

ಜೊತೆಗೆ ಗುರಿಯನ್ನೂ ಬರೆದಿಡಿ. ಇನ್ನೂರು ಘಟಕಗಳಿರುವ ಸಾರದಲ್ಲಿ ನಿಮಗೆ ಬೇಕಾದದ್ದು ಐದೇ ಆದರೆ, ಆ ಐದನ್ನು ಅವುಗಳ ನೆರೆಹೊರೆಯಿಂದ ಬಿಡಿಸಿದರೆ ಸಾಕು, ಉಳಿದವು ಒಂದರ ಮೇಲೊಂದು ಬಂದರೂ ನಷ್ಟವಿಲ್ಲ. ಎಲ್ಲವನ್ನೂ ಬಿಡಿಸುವ ಹಂಬಲದಿಂದ ಶುರುವಾದ ಕೆಲಸ ಮುಗಿಯದೆ ಉಳಿಯುವುದನ್ನು ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ಕಾಣುತ್ತೇವೆ.

ಹೆಜ್ಜೆ 2: ಯಂತ್ರದೊಳಗಿನ ಗಾತ್ರಗಳನ್ನು ಅಳೆಯಿರಿ

ಬಹಳಷ್ಟು ಜನ ಬಿಟ್ಟುಬಿಡುವ ಹೆಜ್ಜೆ ಇದು. ಪಂಪು ದ್ರಾವಕಗಳನ್ನು ಬೆರೆಸುವ ಜಾಗದಿಂದ ಕಾಲಂನ ಬಾಯಿಯವರೆಗೆ ಇರುವ ಗಾತ್ರವನ್ನು ಡ್ವೆಲ್ ಗಾತ್ರ ಎನ್ನುತ್ತಾರೆ. ನೀವು ಬರೆದ ಗ್ರೇಡಿಯಂಟ್ ಕಾಲಂ ತಲಪುವುದು ಈ ಗಾತ್ರ ಹರಿದುಹೋದ ಮೇಲೆಯೇ. ಹಳೆಯ ನಾಲ್ಕು ದ್ರಾವಕದ ಯಂತ್ರಗಳಲ್ಲಿ ಇದು 1 ಮಿ.ಲೀ. ಅಥವಾ ಅದಕ್ಕೂ ಹೆಚ್ಚಿರಬಹುದು, ಯುಎಚ್‌ಪಿಎಲ್‌ಸಿ (ಇನ್ನೂ ಹೆಚ್ಚಿನ ಒತ್ತಡದ) ಯಂತ್ರಗಳಲ್ಲಿ ಸಾಮಾನ್ಯವಾಗಿ 0.5 ಮಿ.ಲೀ.ಗಿಂತ ಕಡಿಮೆ ಇರುತ್ತದೆ. ಒಂದು ಯಂತ್ರದಲ್ಲಿ ಚೆನ್ನಾಗಿ ನಡೆದ ವಿಧಾನ ಇನ್ನೊಂದರಲ್ಲಿ ಕೆಡಲು ಮುಖ್ಯ ಕಾರಣಗಳಲ್ಲಿ ಇದೂ ಒಂದು.

ಅಳೆಯುವುದು ಸುಲಭ. ಕಾಲಂ ತೆಗೆದು ಅದರ ಜಾಗದಲ್ಲಿ ಸ್ವಲ್ಪ ಒತ್ತಡ ಕೊಡುವ ಸಣ್ಣ ನಳಿಕೆ ಜೋಡಿಸಿ. ದ್ರಾವಕ ಎ ಆಗಿ ಶುದ್ಧ ನೀರನ್ನೂ, ದ್ರಾವಕ ಬಿ ಆಗಿ 0.1 ಶೇಕಡಾ ಅಸಿಟೋನ್ ಬೆರೆಸಿದ ನೀರನ್ನೂ ಇಟ್ಟು, ನಿಮಿಷಕ್ಕೆ 1 ಮಿ.ಲೀ. ಹರಿವಿನಲ್ಲಿ 20 ನಿಮಿಷಗಳಲ್ಲಿ ಬಿಯನ್ನು 0ಯಿಂದ 100 ಶೇಕಡಾಕ್ಕೆ ಏರಿಸಿ. 265 ನ್ಯಾನೊಮೀಟರಿನಲ್ಲಿ ನೋಡುತ್ತ, ಬೆಳಕಿನ ಹೀರಿಕೆ ಪೂರ್ಣ ಎತ್ತರದ ಅರ್ಧಕ್ಕೆ ತಲಪಿದ ಕ್ಷಣವನ್ನು ಗುರುತಿಸಿ. ಅದರಿಂದ 10 ನಿಮಿಷ ಕಳೆದು ಉಳಿದದ್ದನ್ನು ಹರಿವಿನಿಂದ ಗುಣಿಸಿದರೆ ಡ್ವೆಲ್ ಗಾತ್ರ ಸಿಗುತ್ತದೆ. ಈ ಸಂಖ್ಯೆಯನ್ನು ಯಂತ್ರದ ಮೇಲೆ ಬರೆದು ಅಂಟಿಸಿ. ಕಾಲಂ ಕಿರಿದಾದಷ್ಟೂ ನಳಿಕೆಗಳ ಒಳಗಿನ ಗಾತ್ರ ಹೆಚ್ಚು ಹಾನಿ ಮಾಡುತ್ತದೆಂಬುದನ್ನೂ ನೆನಪಿಡಿ: 2.1 ಮಿ.ಮೀ. ವ್ಯಾಸದ ಕಾಲಂಗೆ ಅಗಲ ಬಾಯಿಯ ಹಳೆಯ ನಳಿಕೆ ಜೋಡಿಸಿದರೆ, ಕಾಲಂ ಬಿಡಿಸಿಕೊಟ್ಟದ್ದನ್ನು ನಳಿಕೆ ಮತ್ತೆ ಬೆರೆಸಿಬಿಡುತ್ತದೆ.

ಹೆಜ್ಜೆ 3: ಒಂದು ಅನ್ವೇಷಣಾ ಓಟ

ಮೊದಲ ಓಟದಿಂದಲೇ ಬೇರ್ಪಡಿಕೆಯನ್ನು ನಿರೀಕ್ಷಿಸಬೇಡಿ. ಮಿಶ್ರಣ ಯಾವ ವ್ಯಾಪ್ತಿಯಲ್ಲಿ ಹರಡಿದೆ ಎಂಬ ನಕ್ಷೆ ಸಿಕ್ಕರೆ ಅದರ ಕೆಲಸ ಮುಗಿಯಿತು. ಒಳ್ಳೆಯ ಸಿ18 ಕಾಲಂ (18 ಇಂಗಾಲದ ಸರಪಳಿಗಳನ್ನು ಜೋಡಿಸಿದ ಕಣಗಳದು), ಎ ಆಗಿ 0.1 ಶೇಕಡಾ ಫಾರ್ಮಿಕ್ ಆಮ್ಲದ ನೀರು, ಬಿ ಆಗಿ ಅಸಿಟೋನೈಟ್ರೈಲ್, 5ರಿಂದ 95 ಶೇಕಡಾ ಬಿವರೆಗೆ ನೇರ ಏರಿಕೆ, 30ರಿಂದ 40 ಡಿಗ್ರಿ ಸೆಲ್ಸಿಯಸ್ ತಾಪಮಾನ. ಸೊನ್ನೆಯಿಂದ ಆರಂಭಿಸದಿರಲು ಕಾರಣವಿದೆ: ಪೂರ್ತಿ ನೀರಿನಲ್ಲಿ ಸಾಮಾನ್ಯ ಸಿ18 ಕಾಲಂನ ರಂಧ್ರಗಳಿಂದ ದ್ರವ ಹಿಂದೆ ಸರಿದು ಹಿಡಿತವೇ ಕುಸಿಯಬಹುದು.

ಗ್ರೇಡಿಯಂಟ್ ಎಷ್ಟು ನಿಮಿಷ ಇರಬೇಕು ಎಂಬುದನ್ನು ಊಹೆಗೆ ಬಿಡಬೇಡಿ. ಗ್ರೇಡಿಯಂಟಿನಲ್ಲಿ ಪೀಕು ಅನುಭವಿಸುವ ಸರಾಸರಿ ಧಾರಣಾಂಕ 5ರ ಸುತ್ತ ಇರಬೇಕೆಂದು ಇಟ್ಟುಕೊಂಡರೆ, ಅವಧಿಯನ್ನು ಹೀಗೆ ಕಂಡುಕೊಳ್ಳಬಹುದು: 5, ಕಾಲಂನ ಖಾಲಿ ಗಾತ್ರ (ಕಾಲಂನೊಳಗೆ ದ್ರವಕ್ಕಿರುವ ಜಾಗ), ಬಿಯ ಬದಲಾವಣೆಯ ದಶಮಾಂಶ ಬೆಲೆ (ಇಲ್ಲಿ 0.9), ಸಣ್ಣ ಅಣುಗಳಿಗೆ ಒಪ್ಪುವ ಇಳಿಜಾರಿನ ಅಂಕ 5 (ಬಿ ಹೆಚ್ಚಿದಂತೆ ಹಿಡಿತ ಎಷ್ಟು ಬೇಗ ಇಳಿಯುತ್ತದೆ ಎಂಬುದರ ಅಳತೆ), ಮತ್ತು 1.15 ಇವೆಲ್ಲವನ್ನೂ ಗುಣಿಸಿ ಹರಿವಿನಿಂದ ಭಾಗಿಸಿ. 150 ಮಿ.ಮೀ. ಉದ್ದ, 4.6 ಮಿ.ಮೀ. ವ್ಯಾಸದ ಕಾಲಂನ ಖಾಲಿ ಗಾತ್ರ ಸುಮಾರು 1.5 ಮಿ.ಲೀ.; ನಿಮಿಷಕ್ಕೆ 1 ಮಿ.ಲೀ. ಹರಿವಿನಲ್ಲಿ 39 ನಿಮಿಷ ಬರುತ್ತದೆ. 100 ಮಿ.ಮೀ. ಉದ್ದ, 2.1 ಮಿ.ಮೀ. ವ್ಯಾಸದ ಕಾಲಂನಲ್ಲಿ ಖಾಲಿ ಗಾತ್ರ ಸುಮಾರು 0.21 ಮಿ.ಲೀ.; ನಿಮಿಷಕ್ಕೆ 0.4 ಮಿ.ಲೀ. ಹರಿವಿನಲ್ಲಿ 14 ನಿಮಿಷ ಸಾಕು. ಎರಡೂ ಓಟಗಳ ಗುಣ ಒಂದೇ, ಗಡಿಯಾರ ಮಾತ್ರ ಬೇರೆ. ಪೆಪ್ಟೈಡ್ ಮತ್ತು ಪ್ರೋಟೀನುಗಳಂತಹ ದೊಡ್ಡ ಅಣುಗಳಿಗೆ ಇಳಿಜಾರಿನ ಅಂಕ 5ಕ್ಕಿಂತ ಬಹಳ ಹೆಚ್ಚಿರುವುದರಿಂದ ಅವುಗಳಿಗೆ ಇನ್ನೂ ಮಂದವಾದ ಏರಿಕೆ ಬೇಕಾಗುತ್ತದೆ.

ಮಾದರಿಯ ಓಟದ ಮೊದಲು ಮಾದರಿಯಿಲ್ಲದ ಖಾಲಿ ಓಟವೊಂದನ್ನು ಕಡ್ಡಾಯವಾಗಿ ಮಾಡಿ. ನೀರಿನಲ್ಲಿರುವ ಕಲ್ಮಶಗಳು ಗ್ರೇಡಿಯಂಟಿನ ಆರಂಭದಲ್ಲಿ ಕಾಲಂನ ಬಾಯಲ್ಲಿ ಶೇಖರವಾಗಿ, ಮುಂದೆ ಪೀಕುಗಳಂತೆಯೇ ಹೊರಬರುತ್ತವೆ. ಅವನ್ನು ಘಟಕಗಳೆಂದು ಎಣಿಸಿದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ನಕ್ಷೆ ಬಂದ ಮೇಲೆ ಅದನ್ನು ಓದಿ. ಮೊದಲ ಪೀಕಿನಿಂದ ಕೊನೆಯ ಪೀಕಿನವರೆಗಿನ ಅಂತರ ಗ್ರೇಡಿಯಂಟ್ ಅವಧಿಯ ಕಾಲು ಭಾಗಕ್ಕಿಂತ ಕಡಿಮೆ ಇದ್ದರೆ, ದ್ರಾವಕದ ಪ್ರಮಾಣ ಬದಲಿಸದ ಐಸೊಕ್ರಾಟಿಕ್ ವಿಧಾನವೇ ಸಾಕಾಗಬಹುದು. ಅದು 40 ಶೇಕಡಾವನ್ನು ಮೀರಿದ್ದರೆ ಗ್ರೇಡಿಯಂಟ್ ಬೇಕೇ ಬೇಕು, ಸಂಕೀರ್ಣ ಮಿಶ್ರಣಗಳ ಹಣೆಬರಹ ಹೆಚ್ಚಾಗಿ ಇದೇ. ಪ್ರತಿ ಪೀಕು ಹೊರಬಂದಾಗಿನ ಬಿ ಪ್ರಮಾಣವನ್ನು ಲೆಕ್ಕ ಹಾಕುವಾಗ ಡ್ವೆಲ್ ಕಾಲವನ್ನೂ ಕಾಲಂನ ಖಾಲಿ ಕಾಲವನ್ನೂ ಕಳೆಯುವುದನ್ನು ಮರೆಯಬೇಡಿ. ಮೇಲಿನ 39 ನಿಮಿಷದ ಓಟದಲ್ಲಿ 20ನೇ ನಿಮಿಷಕ್ಕೆ ಬಂದ ಪೀಕಿಗೆ, ಡ್ವೆಲ್ 1 ನಿಮಿಷ ಮತ್ತು ಖಾಲಿ ಕಾಲ 1.5 ನಿಮಿಷವಾದರೆ, ಆ ಪ್ರಮಾಣ ಸುಮಾರು 45 ಶೇಕಡಾ. ಎಲ್ಲ ಪೀಕುಗಳೂ 20ರಿಂದ 60 ಶೇಕಡಾದ ನಡುವೆ ಬರುತ್ತವೆಂದು ಗೊತ್ತಾದರೆ, ಆ ವ್ಯಾಪ್ತಿಯನ್ನಷ್ಟೇ ಉಳಿಸಿಕೊಂಡು ಇಳಿಜಾರನ್ನು ಬದಲಿಸದೆ ಓಟವನ್ನು 17 ನಿಮಿಷಕ್ಕೆ ಇಳಿಸಬಹುದು.

ಹೆಜ್ಜೆ 4: ಪಿಎಚ್ ನಿಮ್ಮ ಅತ್ಯಂತ ಬಲವಾದ ಸಾಧನ

ಮಿಶ್ರಣದಲ್ಲಿ ಅಯಾನಾಗಬಲ್ಲ ವಸ್ತುಗಳಿದ್ದರೆ, ಮೊಬೈಲ್ ಫೇಸಿನ (ಕಾಲಂ ಮೂಲಕ ಹರಿಯುವ ದ್ರಾವಕದ) ಪಿಎಚ್‌ನಷ್ಟು ಪೀಕುಗಳ ಜಾಗ ಬದಲಿಸುವ ಶಕ್ತಿ ಇನ್ನಾವುದಕ್ಕೂ ಇಲ್ಲ. ವಿದ್ಯುದಾವೇಶ ಹೊತ್ತ ಅಣು ನೀರನ್ನು ಬಿಟ್ಟು ಸಿ18 ಪದರಕ್ಕೆ ಹೋಗಲು ಹಿಂಜರಿಯುತ್ತದೆ, ಹೀಗಾಗಿ ಬೇಗ ಹೊರಬರುತ್ತದೆ; ಅದೇ ಅಣು ತಟಸ್ಥವಾದಾಗ ಹಿಡಿತ ಹತ್ತು ಪಟ್ಟು ಅಥವಾ ಅದಕ್ಕೂ ಹೆಚ್ಚಾಗಬಹುದು. ಪಿಕೆಎ 4.2 ಇರುವ ಬೆಂಜೋಯಿಕ್ ಆಮ್ಲ ಪಿಎಚ್ 2.7ರಲ್ಲಿ 97 ಶೇಕಡಾದಷ್ಟು ತಟಸ್ಥವಾಗಿದ್ದು ಕಾಲಂಗೆ ಅಂಟಿಕೊಳ್ಳುತ್ತದೆ, ಪಿಎಚ್ 7ರಲ್ಲಿ ಹೆಚ್ಚುಕಡಿಮೆ ನಿಲ್ಲದೆ ಓಡುತ್ತದೆ. ಅಮೀನುಗಳದ್ದು ಇದಕ್ಕೆ ತದ್ವಿರುದ್ಧ ನಡೆ. ಕೆಫೀನಿನಂತಹ ತಟಸ್ಥ ವಸ್ತು ಎರಡೂ ಕಡೆ ಇದ್ದಲ್ಲೇ ಇರುತ್ತದೆ. ಅಂದರೆ ಒಂದೇ ಕಾಲಂನಲ್ಲಿ ಪಿಎಚ್ ಬದಲಿಸಿದರೆ ಆಮ್ಲಗಳು ಒಂದು ದಿಕ್ಕಿಗೆ, ಪ್ರತ್ಯಾಮ್ಲಗಳು ಇನ್ನೊಂದು ದಿಕ್ಕಿಗೆ ಸರಿದು, ಗೋಜಲಾಗಿದ್ದ ಗುಂಪು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಆದ್ದರಿಂದ ಅನ್ವೇಷಣಾ ಓಟವನ್ನು ಪಿಎಚ್ 2.7ರ ಸುತ್ತ ಮತ್ತು, ಕಾಲಂ ತಾಳಿಕೊಳ್ಳುವುದಾದರೆ, ಪಿಎಚ್ 9 ಅಥವಾ 10ರ ಸುತ್ತ ಎರಡು ಕಡೆಯೂ ಮಾಡಿ. ಕಾಲಂ ತಾಳುತ್ತದೆಯೇ ಎಂಬುದನ್ನು ಮೊದಲೇ ಖಚಿತ ಮಾಡಿಕೊಳ್ಳಬೇಕು: ಸಾಮಾನ್ಯ ಸಿಲಿಕಾ ಪಿಎಚ್ 8 ದಾಟಿದರೆ ಕರಗತೊಡಗುತ್ತದೆ, 2ಕ್ಕಿಂತ ಕೆಳಗೆ ಸಿ18 ಸರಪಳಿಯೇ ಕಳಚಿಕೊಳ್ಳತೊಡಗುತ್ತದೆ. ಹೆಚ್ಚಿನ ಪಿಎಚ್‌ಗೆಂದೇ ತಯಾರಾದ ಹೈಬ್ರಿಡ್ ಕಣಗಳ ಕಾಲಂಗಳು ಬೇಕಾಗುತ್ತವೆ.

ಕೊನೆಯಲ್ಲಿ ಆರಿಸಿಕೊಳ್ಳುವ ಪಿಎಚ್, ಮುಖ್ಯ ಘಟಕಗಳ ಪಿಕೆಎಯಿಂದ ಕನಿಷ್ಠ 1.5ರಷ್ಟು, ಸಾಧ್ಯವಾದರೆ 2ರಷ್ಟು ದೂರದಲ್ಲಿರಲಿ. ಪಿಕೆಎ ಹತ್ತಿರ ನಿಂತರೆ ಬಫರ್ (ಪಿಎಚ್ ಸ್ಥಿರವಾಗಿಡುವ ದ್ರಾವಣ) ತಯಾರಿಕೆಯಲ್ಲಿ ಆಗುವ 0.1ರ ವ್ಯತ್ಯಾಸವೂ ಅಯಾನಾದ ಭಾಗವನ್ನು 50ರಿಂದ 56 ಶೇಕಡಾಕ್ಕೆ ಸರಿಸುತ್ತದೆ, ಪೀಕು ಪ್ರತಿ ದಿನ ಬೇರೆ ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ. ಆ ಜಾಗದಲ್ಲಿ ಅದ್ಭುತವಾದ ಬೇರ್ಪಡಿಕೆ ಸಿಕ್ಕರೂ ಅದನ್ನು ನಂಬಬೇಡಿ ಎಂದೇ ನಾನು ಹೇಳುತ್ತೇನೆ. ಸಾವಯವ ದ್ರಾವಕ ಹೆಚ್ಚಿದಂತೆ ಆಮ್ಲಗಳ ಪಿಕೆಎ ಮೇಲೇರುತ್ತದೆ, ಪ್ರತ್ಯಾಮ್ಲಗಳದ್ದು ಕೆಳಗಿಳಿಯುತ್ತದೆ ಎಂಬುದೂ ಲೆಕ್ಕದಲ್ಲಿರಲಿ. ಪಿಎಚ್ ಅಳೆಯುವುದು ಯಾವಾಗಲೂ ಸಾವಯವ ದ್ರಾವಕ ಬೆರೆಸುವ ಮೊದಲು, ನೀರಿನ ಭಾಗದಲ್ಲಿ.

ಬಫರ್ ಆಯ್ಕೆಯಲ್ಲಿ ಒಂದು ತಪ್ಪು ವ್ಯಾಪಕವಾಗಿದೆ. ಅಮೋನಿಯಂ ಅಸಿಟೇಟ್ ಕರಗಿಸಿದ ನೀರಿನ ಪಿಎಚ್ 7ರ ಹತ್ತಿರ ಇರುವುದನ್ನು ಕಂಡು, ಅದು ಪಿಎಚ್ 7ರ ಬಫರ್ ಎಂದು ಭಾವಿಸುತ್ತಾರೆ. ಅದು ನಿಜವಾಗಿ ಬಫರ್ ಆಗಿ ಕೆಲಸ ಮಾಡುವುದು 3.8ರಿಂದ 5.8ರವರೆಗೆ ಮತ್ತು 8.2ರಿಂದ 10.2ರವರೆಗೆ ಮಾತ್ರ, ನಡುವೆ ಅದು ಬರಿಯ ಉಪ್ಪು. ಅಮೋನಿಯಂ ಫಾರ್ಮೇಟ್ 2.8ರಿಂದ 4.8ರವರೆಗೆ ಒಳ್ಳೆಯದು. ಫಾಸ್ಫೇಟ್ 2.1 ಮತ್ತು 7.2ರ ಸುತ್ತ ಗಟ್ಟಿಯಾಗಿ ನಿಲ್ಲುತ್ತದೆ, ಕಡಿಮೆ ತರಂಗಾಂತರದಲ್ಲಿ ಪಾರದರ್ಶಕವೂ ಹೌದು, ಆದರೆ ಆವಿಯಾಗದ ಕಾರಣ ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಸಲ್ಲದು. ಅಸಿಟೋನೈಟ್ರೈಲ್ ಬಹಳ ಹೆಚ್ಚಾದಲ್ಲಿ ಫಾಸ್ಫೇಟ್ ಹರಳುಗಟ್ಟಿ ಪಂಪಿನ ಸೀಲುಗಳನ್ನು ಕೆಡಿಸುತ್ತದೆ. ಬರಿಯ 0.1 ಶೇಕಡಾ ಫಾರ್ಮಿಕ್ ಆಮ್ಲದಲ್ಲಿ ಪ್ರತ್ಯಾಮ್ಲಗಳ ಪೀಕುಗಳು ಬಾಲ ಬಿಡುತ್ತಿದ್ದರೆ, ಅದಕ್ಕೆ 10 ಮಿಲಿಮೋಲಾರ್ ಅಮೋನಿಯಂ ಫಾರ್ಮೇಟ್ ಸೇರಿಸಿ ನೋಡಿ. ಅಯಾನುಗಳ ಸಾಂದ್ರತೆ ಹೆಚ್ಚಿದರೆ ಈ ಪೀಕುಗಳು ಹಲವು ಬಾರಿ ಗಮನಾರ್ಹವಾಗಿ ಚೂಪಾಗುತ್ತವೆ.

ಹೆಜ್ಜೆ 5: ದ್ರಾವಕ ಬದಲಿಸಿ, ಆಮೇಲೆ ಕಾಲಂ ಬದಲಿಸಿ

ಕ್ರೊಮ್ಯಾಟೊಗ್ರಫಿಯನ್ನು ಹುಟ್ಟುಹಾಕಿದ ಮಿಖಾಯಿಲ್ ಸ್ವೆಟ್ 20ನೇ ಶತಮಾನದ ಆರಂಭದಲ್ಲಿ ಎಲೆಗಳ ವರ್ಣಕಗಳನ್ನು ಬಿಡಿಸುವಾಗ ನೂರಕ್ಕೂ ಹೆಚ್ಚು ಬಗೆಯ ಪುಡಿಗಳನ್ನು ಪರೀಕ್ಷಿಸಿದ್ದರು. ಸರಿಯಾದ ಮೇಲ್ಮೈ ಮತ್ತು ಸರಿಯಾದ ದ್ರಾವಕದ ಜೋಡಿಯನ್ನು ಹುಡುಕುವ ಆ ತಾಳ್ಮೆ ಇವತ್ತಿಗೂ ಬೇಕು, ಆದರೆ ನಾವು ನೂರು ಪ್ರಯತ್ನ ಮಾಡಬೇಕಾಗಿಲ್ಲ.

ಅಸಿಟೋನೈಟ್ರೈಲ್ ಬದಲು ಮೆಥನಾಲ್ ಹಾಕಿ ನೋಡುವುದಕ್ಕೆ ಅರ್ಧ ದಿನವೂ ಬೇಡ. ಮೆಥನಾಲ್ ಜಲಜನಕ ಬಂಧಗಳನ್ನು ಕೊಡುತ್ತದೆ, ಅಸಿಟೋನೈಟ್ರೈಲ್ ಹಾಗೆ ಮಾಡುವುದಿಲ್ಲ. ಈ ಒಂದು ವ್ಯತ್ಯಾಸದಿಂದ ಕೆಲವು ಜೋಡಿಗಳ ಸರದಿಯೇ ತಿರುಗಿಬಿಡುತ್ತದೆ. ಒಂದೇ ಬಲಕ್ಕೆ ಹೋಲಿಸುವಾಗ 40 ಶೇಕಡಾ ಅಸಿಟೋನೈಟ್ರೈಲ್ ಸುಮಾರಾಗಿ 50 ಶೇಕಡಾ ಮೆಥನಾಲಿಗೆ ಸಮ ಎಂದಿಟ್ಟುಕೊಳ್ಳಿ. ಎರಡು ಎಚ್ಚರಿಕೆಗಳು: ಮೆಥನಾಲ್ ಮತ್ತು ನೀರು ಸರಿಸಮವಾಗಿ ಬೆರೆತಾಗ ಸ್ನಿಗ್ಧತೆ ಬಹಳ ಏರಿ ಒತ್ತಡ ಹೆಚ್ಚುತ್ತದೆ; ಮತ್ತು ಮೆಥನಾಲ್ 205 ನ್ಯಾನೊಮೀಟರಿಗಿಂತ ಕೆಳಗೆ ಬೆಳಕನ್ನು ತಾನೇ ಹೀರುತ್ತದೆ, ಅಸಿಟೋನೈಟ್ರೈಲ್ 190ರವರೆಗೂ ದಾರಿ ಬಿಡುತ್ತದೆ.

ಕಾಲಂ ಬದಲಿಸುವುದಾದರೆ ಇನ್ನೊಂದು ಕಂಪನಿಯ ಸಿ18 ತರುವುದರಿಂದ ಸಿಗುವ ಲಾಭ ಸಾಮಾನ್ಯವಾಗಿ ಅಲ್ಪ. ಬೇರೆ ರೀತಿಯ ಒಲವಿರುವ ಮೇಲ್ಮೈಯನ್ನು ತನ್ನಿ. ಆರೊಮ್ಯಾಟಿಕ್ ಉಂಗುರಗಳಿರುವ ಸಮಾಂಗಿಗಳಿಗೆ ಫಿನೈಲ್ ಹೆಕ್ಸೈಲ್ ಅಥವಾ ಬೈಫಿನೈಲ್, ಹ್ಯಾಲೊಜನ್ ಇರುವ ಅಣುಗಳಿಗೂ ಸ್ಥಾನ ಸಮಾಂಗಿಗಳಿಗೂ ಪೆಂಟಾಫ್ಲೋರೊಫಿನೈಲ್. ಫಿನೈಲ್ ಕಾಲಂಗಳನ್ನು ಮೆಥನಾಲಿನ ಜೊತೆಗೇ ಬಳಸಿ; ಅಸಿಟೋನೈಟ್ರೈಲಿನ ಪೈ ಎಲೆಕ್ಟ್ರಾನುಗಳು ಮೇಲ್ಮೈಗೂ ಅಣುವಿಗೂ ನಡುವಿನ ಪೈ ಸೆಳೆತವನ್ನು ಮಂಕಾಗಿಸುತ್ತವೆ. ಸಕ್ಕರೆಗಳು, ಅಮೈನೋ ಆಮ್ಲಗಳಂತಹ ಅತಿ ಧ್ರುವೀಯ ಅಣುಗಳು ಸಿ18ರಲ್ಲಿ ನಿಲ್ಲದೇ ಹೋದರೆ ಹಿಲಿಕ್ (ಧ್ರುವೀಯ ಮೇಲ್ಮೈಯ) ಕಾಲಂಗೆ ಹೋಗಬೇಕು. ಅಲ್ಲಿ ನೀರು ಬಲವಾದ ದ್ರಾವಕ, ಅಸಿಟೋನೈಟ್ರೈಲ್ ದುರ್ಬಲ. ಮಾದರಿಯನ್ನೂ ಹೆಚ್ಚು ಅಸಿಟೋನೈಟ್ರೈಲ್ ಇರುವ ದ್ರಾವಕದಲ್ಲೇ ಕರಗಿಸಬೇಕು, ಕಾಲಂ ಸಮತೋಲನಕ್ಕೆ ಬರಲು ಸಿ18ಕ್ಕಿಂತ ಬಹಳ ಹೆಚ್ಚು ಹೊತ್ತು ಕೊಡಬೇಕು.

ಹೆಜ್ಜೆ 6: ಇಳಿಜಾರು ಮತ್ತು ತಾಪಮಾನವನ್ನು ಜೊತೆಯಾಗಿ ನೋಡಿ

ಪಿಎಚ್, ದ್ರಾವಕ, ಕಾಲಂ ಸ್ಥಿರವಾದ ಮೇಲೆ ಸೂಕ್ಷ್ಮ ಹೊಂದಾಣಿಕೆಗೆ ಉಳಿಯುವುದು ಗ್ರೇಡಿಯಂಟಿನ ಇಳಿಜಾರು ಮತ್ತು ಕಾಲಂನ ತಾಪಮಾನ. ಇವೆರಡನ್ನು ಒಂದೊಂದಾಗಿ ತಿದ್ದುತ್ತ ಕೂರುವ ಬದಲು ನಾಲ್ಕು ಓಟಗಳನ್ನು ಯೋಜಿಸಿ: ಗ್ರೇಡಿಯಂಟ್ ಅವಧಿ 20 ಮತ್ತು 60 ನಿಮಿಷ, ತಾಪಮಾನ 30 ಮತ್ತು 60 ಡಿಗ್ರಿ. ಧಾರಣೆಯ ಲಾಗರಿದಮ್ ದ್ರಾವಕದ ಪ್ರಮಾಣದೊಂದಿಗೆ ಹೆಚ್ಚುಕಡಿಮೆ ಸರಳರೇಖೆಯಲ್ಲಿ ಬದಲಾಗುತ್ತದೆ. ಈ ನಾಲ್ಕು ಓಟಗಳ ಮಾಹಿತಿಯಿಂದ ಪ್ರತಿ ಪೀಕಿನ ನಡೆಯನ್ನು ನಡುವಿನ ಎಲ್ಲ ಸ್ಥಿತಿಗಳಿಗೂ ಮುಂಚಿತವಾಗಿ ಲೆಕ್ಕ ಹಾಕಬಹುದು. ಲಾಯ್ಡ್ ಸ್ನೈಡರ್ ಮತ್ತು ಜಾನ್ ಡೋಲನ್ ಅವರ ಕೆಲಸದಿಂದ ಬೆಳೆದ ಈ ದಾರಿಗೆ ತಂತ್ರಾಂಶಗಳಿವೆ. ಇಲ್ಲದಿದ್ದರೆ ಸಾಮಾನ್ಯ ಸ್ಪ್ರೆಡ್‌ಶೀಟಿನಲ್ಲೂ ಮಾಡಬಹುದು. ಲೆಕ್ಕದ ಫಲವಾಗಿ, ಯಾವ ಅವಧಿ ಮತ್ತು ತಾಪಮಾನದಲ್ಲಿ ಅತ್ಯಂತ ಹತ್ತಿರದ ಜೋಡಿಯ ರೆಸಲ್ಯೂಷನ್ ಎಷ್ಟು ಎಂದು ತೋರುವ ನಕ್ಷೆ ಸಿಗುತ್ತದೆ. ಆ ನಕ್ಷೆಯಲ್ಲಿ ಅತಿ ಎತ್ತರದ ಚೂಪು ಶಿಖರವನ್ನು ಆರಿಸಬೇಡಿ. ಸ್ವಲ್ಪ ತಗ್ಗಾಗಿದ್ದರೂ ವಿಶಾಲವಾದ ಸಮತಟ್ಟನ್ನು ಆರಿಸಿ.

ತಾಪಮಾನ ಒಂದು ಡಿಗ್ರಿ ಏರಿದರೆ ಧಾರಣಾಂಕ ಸಾಮಾನ್ಯವಾಗಿ 1ರಿಂದ 2 ಶೇಕಡಾ ಇಳಿಯುತ್ತದೆ. ತಟಸ್ಥ ವಸ್ತುಗಳೆಲ್ಲ ಒಟ್ಟಾಗಿ ಸರಿಯುವುದರಿಂದ ಅಲ್ಲಿ ಲಾಭ ಕಡಿಮೆ. ಅಯಾನಾಗುವ ವಸ್ತುಗಳಲ್ಲಿ ಪಿಕೆಎ ಕೂಡ ತಾಪಮಾನದೊಂದಿಗೆ ಬದಲಾಗುವುದರಿಂದ ಸರದಿ ಬದಲಾಗುವಷ್ಟು ಪರಿಣಾಮ ಕಾಣಬಹುದು. ಕಾಲಂಗೆ ಬರುವ ದ್ರವವನ್ನು ಮೊದಲೇ ಬಿಸಿ ಮಾಡದಿದ್ದರೆ ಪೀಕುಗಳು ವಿಕಾರಗೊಳ್ಳುತ್ತವೆ. ಪ್ರತಿ ಓಟದ ನಂತರ ಕಾಲಂ ಹಿಂದಿನ ಸ್ಥಿತಿಗೆ ಬರಲು ಸುಮಾರು ಹತ್ತು ಖಾಲಿ ಗಾತ್ರಗಳಷ್ಟು ಆರಂಭದ ದ್ರಾವಕ ಹರಿಸಿ, ಆ ಕಾಲ ಪ್ರತಿ ಬಾರಿಯೂ ಸೆಕೆಂಡಿನ ಮಟ್ಟಿಗೆ ಒಂದೇ ಇರಲಿ.

ಪೀಕುಗಳ ಜಾಡು ತಪ್ಪಬಾರದು

ಇದನ್ನು ಹೆಜ್ಜೆಯೆಂದು ಎಣಿಸಿಲ್ಲ, ಏಕೆಂದರೆ ಇದು ಪ್ರತಿ ಹೆಜ್ಜೆಯಲ್ಲೂ ಮಾಡಬೇಕಾದ ಕೆಲಸ. ಸ್ಥಿತಿ ಬದಲಾದಾಗ ಪೀಕುಗಳು ಪರಸ್ಪರ ದಾಟುತ್ತವೆ. ಯಾವುದು ಎಲ್ಲಿಗೆ ಹೋಯಿತು ಎಂಬುದು ಗೊತ್ತಿಲ್ಲದೆ ಮಾಡಿದ ಯಾವ ತೀರ್ಮಾನಕ್ಕೂ ಬೆಲೆಯಿಲ್ಲ. ಕಲ್ಮಶಗಳ ಅಧ್ಯಯನವೊಂದರಲ್ಲಿ ಪಿಎಚ್ ಸ್ವಲ್ಪ ಬದಲಿಸಿದಾಗ ಎಲ್ಲ ಪೀಕುಗಳೂ ಅಂದವಾಗಿ ದೂರ ದೂರ ನಿಂತದ್ದನ್ನು ಕಂಡು ನಾನು ವಿಧಾನ ಮುಗಿಯಿತೆಂದೇ ಬರೆದಿಟ್ಟಿದ್ದೆ. ಮರುದಿನ ಪೀಕುಗಳನ್ನು ಎಣಿಸಿದಾಗ ಹದಿನಾಲ್ಕರ ಬದಲು ಹದಿಮೂರಿದ್ದವು. ಒಂದು ಸಣ್ಣ ಕಲ್ಮಶ ಮುಖ್ಯ ಪೀಕಿನ ಒಳಗೆ ಪೂರ್ತಿ ಅಡಗಿತ್ತು. ಅಂದಿನಿಂದ ಪ್ರತಿ ಓಟದಲ್ಲೂ ಪೀಕುಗಳ ಸಂಖ್ಯೆ ಮತ್ತು ಒಂದೊಂದರ ವಿಸ್ತೀರ್ಣವನ್ನು ಕೋಷ್ಟಕದಲ್ಲಿ ಬರೆಯದೆ ಮುಂದೆ ಹೋಗುವುದಿಲ್ಲ.

ಡಯೋಡ್ ಅರೇ ಡಿಟೆಕ್ಟರಿನ ರೋಹಿತ ಪೀಕಿನ ಗುರುತಿಗೆ ಸಹಾಯ ಮಾಡುತ್ತದೆ, ಆದರೆ ಹತ್ತಿರದ ಸಂಬಂಧಿ ಅಣುಗಳ ರೋಹಿತಗಳು ಒಂದೇ ತೆರನಾಗಿರುವುದರಿಂದ ಅದರ ಶುದ್ಧತೆಯ ಪರೀಕ್ಷೆ ಎಲ್ಲವನ್ನೂ ಹಿಡಿಯುವುದಿಲ್ಲ. ಮಾಸ್ ಸ್ಪೆಕ್ಟ್ರೋಮೀಟರ್ ಹೆಚ್ಚು ನಂಬಲರ್ಹ, ಸಮಾಂಗಿಗಳ ಮುಂದೆ ಮಾತ್ರ ಅದೂ ಸೋಲುತ್ತದೆ. ಅದಕ್ಕಾಗಿ ಮುಗಿದ ವಿಧಾನದ ಮುಖ್ಯ ಪೀಕನ್ನು ತೀರ ಭಿನ್ನ ಮೇಲ್ಮೈ ಮತ್ತು ಭಿನ್ನ ಪಿಎಚ್ ಇರುವ ಎರಡನೆಯ ವಿಧಾನದಲ್ಲಿ ಒಮ್ಮೆಯಾದರೂ ಪರಿಶೀಲಿಸಿ.

ಹೆಜ್ಜೆ 7: ಈಗ ದಕ್ಷತೆ, ಮತ್ತು ಪೀಕಿನ ಆಕಾರ

ಸೆಲೆಕ್ಟಿವಿಟಿ ಕೈಗೆ ಬಂದ ಮೇಲೆ ಸಣ್ಣ ಕಣಗಳ ಕಡೆ ಹೋಗುವುದರಲ್ಲಿ ಅರ್ಥವಿದೆ. ಕಣ 5 ಮೈಕ್ರೊಮೀಟರಿನಿಂದ 1.7ಕ್ಕೆ ಇಳಿದರೆ ಒಂದೇ ಉದ್ದಕ್ಕೆ ಪ್ಲೇಟ್ ಸಂಖ್ಯೆ ಸುಮಾರು ಮೂರು ಪಟ್ಟಾಗುತ್ತದೆ, ಒಂದೇ ವೇಗದಲ್ಲಿ ಒತ್ತಡ ಎಂಟು ಒಂಬತ್ತು ಪಟ್ಟಾಗುತ್ತದೆ. ಅಷ್ಟು ಒತ್ತಡ ತಾಳದ ಯಂತ್ರವಿರುವವರಿಗೆ 2.7 ಮೈಕ್ರೊಮೀಟರಿನ, ಗಟ್ಟಿ ತಿರುಳಿನ ಕೋರ್ ಶೆಲ್ ಕಣಗಳು ಒಳ್ಳೆಯ ನಡುದಾರಿ. ಪೀಕುಗಳು ಕಿರಿದಾದಂತೆ ಡಿಟೆಕ್ಟರಿನ ವೇಗ ಹೆಚ್ಚಿಸಿ, ಒಂದೊಂದು ಪೀಕಿನ ಮೇಲೆ ಕನಿಷ್ಠ 20 ಬಿಂದುಗಳು ಬರುವಂತೆ ನೋಡಿಕೊಳ್ಳಿ.

ಪೀಕು ವಿಕಾರವಾಗಿದ್ದರೆ ಕಾಲಂಗೆ ತಪ್ಪು ಹೊರಿಸುವ ಮೊದಲು ಎರಡು ಪರೀಕ್ಷೆ ಮಾಡಿ. ಮಾದರಿಯನ್ನು ಹತ್ತು ಪಟ್ಟು ತೆಳುವಾಗಿಸಿ ಹಾಕಿ. ಬಾಲ ಮಾಯವಾದರೆ ಕಾಲಂ ಮೇಲೆ ಹೊರೆ ಹೆಚ್ಚಾಗಿತ್ತು ಎಂದರ್ಥ. ಮಾದರಿಯನ್ನು ಕರಗಿಸಿದ ದ್ರಾವಕವನ್ನು ಗ್ರೇಡಿಯಂಟಿನ ಆರಂಭದ ದ್ರಾವಕಕ್ಕೆ ಬದಲಿಸಿ. ಆರಂಭದ ಪೀಕುಗಳು ಸರಿಯಾದರೆ ಮೊದಲಿನ ದ್ರಾವಕ ಅತಿ ಬಲವಾಗಿತ್ತು. ಎರಡರಲ್ಲೂ ಬದಲಾವಣೆ ಕಾಣದೆ ಪ್ರತ್ಯಾಮ್ಲಗಳು ಮಾತ್ರ ಬಾಲ ಬಿಡುತ್ತಿದ್ದರೆ ಸಿಲಿಕಾ ಮೇಲ್ಮೈಯಲ್ಲಿ ಉಳಿದು ಪ್ರತ್ಯಾಮ್ಲಗಳನ್ನು ಸೆಳೆಯುವ ಸಿಲನಾಲ್ ಗುಂಪುಗಳತ್ತ ನೋಡಿ. ಎಲ್ಲ ಪೀಕುಗಳೂ ಒಂದೇ ರೀತಿ ಕೆಟ್ಟಿದ್ದರೆ ನಳಿಕೆಯ ಜೋಡಣೆ ಸಡಿಲವಾಗಿದೆಯೇ ಅಥವಾ ಕಾಲಂನ ಬಾಯಿ ಕಟ್ಟಿದೆಯೇ ಎಂದು ಪರೀಕ್ಷಿಸಿ.

ಒಂದು ಕಾಲಂ ಸಾಲದಾದಾಗ

ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕಾದ ಮಿತಿಯೊಂದಿದೆ. 39 ನಿಮಿಷದ ಗ್ರೇಡಿಯಂಟಿನಲ್ಲಿ ಪೀಕುಗಳ ತಳದ ಅಗಲ 0.2 ನಿಮಿಷವಿದ್ದರೆ, ಅಕ್ಕಪಕ್ಕ ಸಾಲಾಗಿ ಜೋಡಿಸಬಹುದಾದ ಪೀಕುಗಳು ಸುಮಾರು 200. ಆದರೆ ಪ್ರಕೃತಿ ಅವನ್ನು ಸಾಲಾಗಿ ಜೋಡಿಸುವುದಿಲ್ಲ. ಜೋ ಡೇವಿಸ್ ಮತ್ತು ಕ್ಯಾಲ್ವಿನ್ ಗಿಡಿಂಗ್ಸ್ 1983ರಲ್ಲಿ ತೋರಿಸಿದಂತೆ, ನೂರು ಘಟಕಗಳು ಯಾದೃಚ್ಛಿಕವಾಗಿ ಹರಡಿದರೆ 200ರ ಈ ಜಾಗದಲ್ಲಿ ಒಂಟಿಯಾಗಿ, ಶುದ್ಧ ಪೀಕಾಗಿ ಬರುವವು ಸರಾಸರಿ 37 ಮಾತ್ರ. ಜಾಗವನ್ನು 400ಕ್ಕೆ ಇಮ್ಮಡಿಸಿದರೂ ಅದು 61ಕ್ಕೆ ಏರುತ್ತದೆ, ಅಷ್ಟೇ.

ಅಂತಹ ಮಿಶ್ರಣಗಳಿಗೆ ಎರಡು ಆಯಾಮದ ಕ್ರೊಮ್ಯಾಟೊಗ್ರಫಿ ಬೇಕು. ಮೊದಲ ಕಾಲಂನಿಂದ ಬಂದದ್ದನ್ನು ತುಂಡು ತುಂಡಾಗಿ ಎರಡನೆಯ, ಸ್ವಭಾವದಲ್ಲಿ ಭಿನ್ನವಾದ ಕಾಲಂಗೆ ಕಳುಹಿಸಿದರೆ, ತಾತ್ವಿಕವಾಗಿ ಎರಡರ ಸಾಮರ್ಥ್ಯಗಳು ಗುಣಿತವಾಗುತ್ತವೆ. ವಾಸ್ತವದಲ್ಲಿ ಅಷ್ಟು ಸಿಗುವುದಿಲ್ಲ: ಎರಡು ಕಾಲಂಗಳ ಒಲವು ಹೋಲುವಷ್ಟೂ ಲಾಭ ಕುಗ್ಗುತ್ತದೆ, ಮೊದಲ ಆಯಾಮದ ಪ್ರತಿ ಪೀಕನ್ನು ಮೂರು ನಾಲ್ಕು ತುಂಡು ಮಾಡದಿದ್ದರೆ ಬಿಡಿಸಿದ್ದು ಮತ್ತೆ ಬೆರೆಯುತ್ತದೆ, ಹಾಗಾಗಿ ಎರಡನೆಯ ಆಯಾಮದ ಓಟ ಬಹಳ ಚುರುಕಾಗಿರಬೇಕು. ಹಿಲಿಕ್‌ನಿಂದ ಸಿ18ಕ್ಕೆ ಕಳುಹಿಸುವಾಗ ಬರುವ ಅಸಿಟೋನೈಟ್ರೈಲ್ ಸಿ18ಕ್ಕೆ ಅತಿ ಬಲವಾದ ದ್ರಾವಕವಾದ್ದರಿಂದ ನಡುವೆ ನೀರಿನಿಂದ ತೆಳುವಾಗಿಸುವ ವ್ಯವಸ್ಥೆ ಬೇಕು. ತೊಂದರೆ ಕೊಡುತ್ತಿರುವುದು ಒಂದೆರಡು ಜೋಡಿ ಮಾತ್ರ ಆಗಿದ್ದರೆ ಪೂರ್ಣ ಎರಡು ಆಯಾಮದ ಸಾಹಸ ಬೇಡ. ಆ ಭಾಗವನ್ನಷ್ಟೇ ಕತ್ತರಿಸಿ ಎರಡನೆಯ ಕಾಲಂಗೆ ಕಳುಹಿಸುವ ಹಾರ್ಟ್ ಕಟಿಂಗ್ ಸಾಕು.

ಹೆಜ್ಜೆ 8: ವಿಧಾನವನ್ನು ಅಲುಗಾಡಿಸಿ ನೋಡಿ, ಆಮೇಲೆ ಬರೆಯಿರಿ

ಪಿಎಚ್ ಅನ್ನು 0.2ರಷ್ಟು, ಸಾವಯವ ದ್ರಾವಕವನ್ನು 2 ಶೇಕಡಾದಷ್ಟು, ತಾಪಮಾನವನ್ನು 5 ಡಿಗ್ರಿಯಷ್ಟು, ಹರಿವನ್ನು 10 ಶೇಕಡಾದಷ್ಟು ಎರಡೂ ಕಡೆಗೆ ಬೇಕೆಂದೇ ಸರಿಸಿ, ಅತ್ಯಂತ ಹತ್ತಿರದ ಜೋಡಿ ಏನಾಗುತ್ತದೆ ನೋಡಿ. ಒಂದೇ ಮಾದರಿಯ ಕಾಲಂನ ಬೇರೆ ಬೇರೆ ತಯಾರಿಕಾ ಬ್ಯಾಚುಗಳ ಮೂರು ಕಾಲಂಗಳಲ್ಲೂ ಪರೀಕ್ಷಿಸಿ. ವಿಶ್ಲೇಷಣಾ ವಿಧಾನಗಳ ಅಭಿವೃದ್ಧಿಗೆಂದು 2023ರ ನವೆಂಬರಿನಲ್ಲಿ ಅಂಗೀಕಾರವಾದ ಐಸಿಎಚ್ (ಔಷಧ ನಿಯಮಗಳ ಅಂತರರಾಷ್ಟ್ರೀಯ ಸಮನ್ವಯ ಸಂಸ್ಥೆ) ಕ್ಯೂ14 ಮಾರ್ಗಸೂಚಿಯೂ ದೃಢತೆಯ ಈ ಪರೀಕ್ಷೆಯನ್ನು ವಿಧಾನ ರೂಪಿಸುವಾಗಲೇ ಮಾಡಬೇಕಾದ ಕೆಲಸವೆಂದು ಕಾಣುತ್ತದೆ.

ಬರೆಯುವಾಗ ಬಫರಿನ ಪಿಎಚ್ ಜೊತೆಗೆ ಅದರ ಉಪ್ಪು ಮತ್ತು ಆಮ್ಲದ ತೂಕಗಳನ್ನೂ ಕೊಡಿ. ತೂಕದಿಂದ ತಯಾರಿಸಿದ ಬಫರ್ ಮೀಟರಿನ ಸೂಜಿ ನೋಡಿ ಹೊಂದಿಸಿದ ಬಫರಿಗಿಂತ ಹೆಚ್ಚು ಸ್ಥಿರ. ಡ್ವೆಲ್ ಗಾತ್ರ, ಮಾದರಿಯ ದ್ರಾವಕ, ಸಮತೋಲನದ ನಿಮಿಷಗಳು, ಡಿಟೆಕ್ಟರಿನ ವೇಗ ಎಲ್ಲವೂ ದಾಖಲಾಗಲಿ. ಪ್ರತಿದಿನ ಯಂತ್ರ ಸರಿಯಿದೆಯೇ ಎಂದು ನೋಡುವ ಪರೀಕ್ಷಾ ದ್ರಾವಣದಲ್ಲಿ ಸುಲಭವಾಗಿ ಬೇರೆಯಾಗುವ ಪೀಕುಗಳನ್ನಲ್ಲ, ನಿಮ್ಮನ್ನು ಅತಿ ಹೆಚ್ಚು ಕಾಡಿದ ಆ ಹತ್ತಿರದ ಜೋಡಿಯನ್ನೇ ಇಡಿ. ಅವುಗಳ ರೆಸಲ್ಯೂಷನ್ ನೀವು ನಿಗದಿ ಮಾಡಿದ ಮಿತಿಗಿಂತ ಕೆಳಗಿಳಿದ ದಿನ, ಕಾರಣ ಸಿಗುವವರೆಗೆ ಯಾವ ಮಾದರಿಯನ್ನೂ ಹಾಕಬೇಡಿ.